ಗಂಟಲಿನ ಒಂದು ಮಗ್ಗುಲು

ಪ್ರಬಂಧ ಸಾಹಿತ್ಯದ ಜನಕನೆನಿಸಿದ ಫ್ರಾನ್ಸಿನ ಮಾಂಟೇನ್ 1592ರಲ್ಲಿ ತೀರಿಕೊಂಡನು. ಸಂಭಾಷಣೆಯನ್ನು ಬಹುವಾಗಿ ಮೆಚ್ಚುತ್ತಿದ್ದ ಆತನಿಗೆ ಕೊನೆಯಲ್ಲಿ ಮಾತೇ ನಿಂತುಹೋಗಿ, ಹೇಳಬೇಕಾದುದನ್ನು ಬರೆದು ತಿಳಿಸಬೇಕಾಯಿತಂತೆ. ಆತನನ್ನು ಬಲಿತೆಗೆದುಕೊಂಡದ್ದು ಟಾನ್ಸಿಲಿನ ಸುತ್ತಣ ಕೀವುಬಾವು ಎನ್ನುತ್ತಾರೆ.

ಬಾಯಿಯ ಹಿಂಭಾಗದಲ್ಲಿ, ಕಿರುನಾಲಗೆಯ ಎಡಬಲಗಳಲ್ಲಿ, ಬಾದಾಮಿಯಾಕಾರದ ಎರಡು ಟಾನ್ಸಿಲುಗಳುಂಟು. ಒಳಹೊಗುವ ರೋಗಾಣುಗಳನ್ನು ಎದುರಿಸುವುದು ಇವುಗಳ ಕೆಲಸ. ಕೆಲವೊಮ್ಮೆ ಸ್ಟ್ರೆಪ್ಟೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಟಾನ್ಸಿಲಿನ ಕವಚಕ್ಕೂ ಅದರ ಹಿಂದಿನ ಸ್ನಾಯುವಿಗೂ ನಡುವಣ ಎಡೆಯನ್ನು ಸೇರುತ್ತವೆ. ಅಲ್ಲಿ ಕೀವು ಶೇಖರವಾಗುತ್ತದೆ. ಇಕ್ಕಟ್ಟಿನಲ್ಲಿ ಒತ್ತಡ ಹೆಚ್ಚಿದಂತೆಲ್ಲ ಟಾನ್ಸಿಲು ಉಬ್ಬಿ ಕಿರುನಾಲಗೆಯನ್ನು ಎದುರು ಪಕ್ಕಕ್ಕೆ ತಳ್ಳುತ್ತದೆ. ದವಡೆಯ ಸ್ನಾಯು ಸೆಟೆದು ಬಾಯಿ ತೆರೆಯಲಾಗದು, ಉಗುಳು ನುಂಗಲಾಗದು, ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡವನ ಮಾತಿನಂತೆ ದನಿ ಅಸ್ಪಷ್ಟವಾಗುವುದು.

ಈ ರೋಗ ಹೆಚ್ಚಾಗಿ ಹದಿಹರೆಯದವರನ್ನೂ ತರುಣರನ್ನೂ ಹಿಡಿಯುತ್ತದೆ. ಧೂಮಪಾನ, ಹಲ್ಲು ಒಸಡುಗಳ ರೋಗ, ಮರುಕಳಿಸುವ ಟಾನ್ಸಿಲು ಬಾವು, ಇವು ಅಪಾಯವನ್ನು ಹೆಚ್ಚಿಸುತ್ತವೆ.

ಮಾಂಟೇನನ ಕಾಲದಲ್ಲಿ ಪೆನಿಸಿಲಿನ್ ಇರಲಿಲ್ಲ. ಇಂದು ವೈದ್ಯರು ಸೂಜಿಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ ಕೀವನ್ನು ತೆಗೆದು, ಆಂಟಿಬಯಾಟಿಕ್ ಔಷಧ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ತಡಮಾಡಿದರೆ ಸೋಂಕು ಕುತ್ತಿಗೆಗೆ ಇಳಿಯಬಹುದು, ಶ್ವಾಸಮಾರ್ಗವೇ ಮುಚ್ಚಬಹುದು. ಸಾಧಾರಣ ಗಂಟಲುನೋವಿಗೆ ಉಪ್ಪುನೀರು ಮುಕ್ಕಳಿಸಿದರೆ ಸಾಕಾದೀತು. ಆದರೆ ಜ್ವರದೊಡನೆ ನೋವು ಒಂದೇ ಮಗ್ಗುಲಿಗೆ ನಿಂತು ಬಾಯಿ ತೆರೆಯಲಾಗದಿದ್ದರೆ, ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು.