ದಪ್ಪ ಟೈರಿನ ಪುಟ್ಟ ಬೈಕಿನಲ್ಲಿ ಟೋಕಿಯೊ ಟ್ರಾಫಿಕ್

ಹೋಂಡಾ ಮಂಕಿ 125ರ ಉದ್ದ 171 ಸೆಂಟಿಮೀಟರ್, ನಮ್ಮ ಸ್ಪ್ಲೆಂಡರ್‌ಗಿಂತ ಸುಮಾರು ಒಂದಡಿ ಗಿಡ್ಡ. ಟೈರುಗಳು ಮಾತ್ರ ಬುಲೆಟ್ 350ರ ಟೈರಿಗಿಂತ ಅಗಲ! ಟೋಕಿಯೊದ ಸೆತಗಾಯಾದಲ್ಲಿ ನೆಲೆಸಿರುವ ಹಾಸನದ ಗೆಳೆಯರೊಬ್ಬರ ಹತ್ತಿರ ಇದೊಂದಿದೆ. ನನ್ನ ಇಂಟರ್‌ನ್ಯಾಷನಲ್ ಪರ್ಮಿಟ್ ನೋಡಿದ್ದೇ ತಡ, "ಓಡಿಸಿ ನೋಡಿ ಸರ್, ಆಮೇಲೆ ಮಾತಾಡೋಣ" ಎಂದು ಕೀ ಕೈಗಿಟ್ಟರು. ತಾವು ಮನೆಯವರ ಸೂಪರ್ ಕಬ್ ಏರಿ ಹಿಂದೆ ಬಂದರು.

ಹೊರಟದ್ದು ಕೋಶು ಕೈದೋ ಹೆದ್ದಾರಿಯಲ್ಲಿ, ಪಶ್ಚಿಮದ ಹಿನೋ ಕಡೆಗೆ. ಊರೊಳಗೆ ಈ ರಸ್ತೆಯ ನೆತ್ತಿಯ ಮೇಲೆಯೇ ಎಕ್ಸ್‌ಪ್ರೆಸ್‌ವೇ ಹಾದುಹೋಗುತ್ತದೆ. 125 ಸಿಸಿವರೆಗಿನ ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೆಳಗೆ ಲಾರಿ, ಬಸ್ಸು, ಟ್ಯಾಕ್ಸಿಗಳ ನಡುವೆ ನಾವು. ಎಡಗಡೆಯ ಸಂಚಾರವಾದ್ದರಿಂದ ನಮ್ಮವರಿಗೆ ಗೊಂದಲವಿಲ್ಲ, ಹಾರ್ನ್ ಅಂತೂ ಕೇಳಿಸುವುದೇ ಅಪರೂಪ. ಸಿಗ್ನಲ್ಲಿನಲ್ಲಿ ಕಾರುಗಳ ಎಡಕ್ಕೆ ಸಿಕ್ಕ ಸಂದಿಯಲ್ಲಿ ಮಂಕಿ ಸರಾಗವಾಗಿ ನುಸುಳಿ ಮುಂದೆ ನಿಂತಿತು. ಕಾಲು ಎರಡೂ ನೆಲಕ್ಕೆ ಊರುತ್ತವೆ, ಹ್ಯಾಂಡಲ್ ಅಂಗೈಯಲ್ಲೇ ಆಡುತ್ತದೆ.

ಟೈರಿನ ವಿಷಯಕ್ಕೆ ಬರುತ್ತೇನೆ, ನನ್ನನ್ನು ಸೋಲಿಸಿದ್ದೇ ಅದು. ಸಣ್ಣ ಚಕ್ರದ ದೌರ್ಬಲ್ಯ ಸ್ಕೂಟರ್ ಓಡಿಸುವ ಎಲ್ಲರಿಗೂ ಗೊತ್ತು: ಗುಂಡಿಯ ಮೇಲೆ ಹಾಯ್ದುಹೋಗದೆ ಒಳಗೇ ಇಳಿಯುತ್ತದೆ. ಆಕ್ಟಿವಾ 6ಜಿಯ ಮುಂದಿನ ಚಕ್ರವೂ 12 ಇಂಚು, ಮಂಕಿಯದೂ 12 ಇಂಚು. ಆದರೆ ಆಕ್ಟಿವಾದ ಟೈರಿನ ಅಗಲ 90 ಮಿಲಿಮೀಟರ್, ಮಂಕಿಯದು ಮುಂದೆ 120, ಹಿಂದೆ 130. ಅಗಲಕ್ಕಿಂತ ಮುಖ್ಯವಾದದ್ದು ಪಕ್ಕದ ಗೋಡೆಯ ಎತ್ತರ. ಅಗಲದ ಶೇ 80ರಷ್ಟೆಂದರೆ ಮುಂದೆ 96 ಮಿಲಿಮೀಟರ್, ಹಿಂದೆ 104. ಅಷ್ಟೆತ್ತರದ ಗಾಳಿಯ ದಿಂಬು ರಿಮ್ಮಿಗೂ ರಸ್ತೆಗೂ ಮಧ್ಯೆ ಇರುವುದರಿಂದ ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಜಾಯಿಂಟುಗಳೆಲ್ಲ ಶಾಕ್ ಅಬ್ಸಾರ್ಬರ್ ತಲುಪುವ ಮೊದಲೇ ಅರ್ಧ ಸತ್ತುಹೋಗುತ್ತವೆ. ಚಕ್ರದ ಒಟ್ಟು ಎತ್ತರವೂ ಹೆಚ್ಚಿ ಅರ್ಧ ಮೀಟರ್ ಮುಟ್ಟುತ್ತದೆ. ದಪ್ಪ ಟೈರು ಬರೀ ಶೋಕಿ ಎನ್ನುವವರ ಜೊತೆ ನಾನು ಇನ್ನು ಮೇಲೆ ವಾದಕ್ಕೇ ಇಳಿಯುತ್ತೇನೆ. ಈ ಗಾತ್ರದ ಬೈಕನ್ನು ಪೇಟೆಯ ರಸ್ತೆಗೆ ಯೋಗ್ಯವಾಗಿಸಿರುವುದೇ ಆ ದಪ್ಪ. ತಿರುವಿನಲ್ಲಿ ತುಸು ನಿಧಾನಕ್ಕೆ ಬಾಗುತ್ತದೆ, ನಿಜ. ಊರೊಳಗಿನ ವೇಗಕ್ಕೆ ಅದು ತೊಂದರೆಯೇ ಅಲ್ಲ.

ಇದರ ಹುಟ್ಟು ಹಿನೋದಲ್ಲೇ. 1961ರಲ್ಲಿ ಅಲ್ಲಿ ಹೋಂಡಾ ತೆರೆದ ತಾಮಾ ಟೆಕ್ ಎಂಬ ಮನರಂಜನಾ ಪಾರ್ಕಿನಲ್ಲಿ ಮಕ್ಕಳ ಸವಾರಿಗೆಂದು ಕಬ್‌ನ 49 ಸಿಸಿ ಎಂಜಿನ್ನಿಗೆ 5 ಇಂಚಿನ ಚಕ್ರ ಜೋಡಿಸಿದರು. 1967ರಲ್ಲಿ ಹ್ಯಾಂಡಲ್ ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದಾದ ಮಾದರಿ ಜಪಾನಿನ ರಸ್ತೆಗಿಳಿಯಿತು. 50 ಸಿಸಿ ಮಂಕಿಯನ್ನು ಹೊಗೆ ನಿಯಮಗಳು 2017ರಲ್ಲಿ ನಿಲ್ಲಿಸಿದವು, ಮರುವರ್ಷ 125 ಬಂತು. ಪಾರ್ಕು 2009ರಲ್ಲೇ ಮುಚ್ಚಿದೆ. ಎಂಜಿನ್ನಿನ ಸಿಲಿಂಡರ್ ಇಂದಿಗೂ ಮುಂದಕ್ಕೆ ಮಲಗಿಯೇ ಇದೆ. 1985ರ ನಮ್ಮ ಹೀರೋ ಹೋಂಡಾ ಸಿಡಿ 100 ಕೂಡ ಇದೇ ವಂಶದ್ದು.

ಸಿಸಿ ಹೆಚ್ಚಿದ್ದರಿಂದ ಟ್ರಾಫಿಕ್ಕಿನಲ್ಲಿ ಸಿಕ್ಕ ಬಿಡುಗಡೆ ದೊಡ್ಡದು. ಜಪಾನಿನಲ್ಲಿ 50 ಸಿಸಿ ಗಾಡಿ ಗಂಟೆಗೆ 30 ಕಿಲೋಮೀಟರ್ ದಾಟುವಂತಿಲ್ಲ. ಮೂರು ಅಥವಾ ಹೆಚ್ಚು ಲೇನುಗಳ ಸಿಗ್ನಲ್ಲಿನಲ್ಲಿ ಅದು ನೇರವಾಗಿ ಬಲಕ್ಕೆ ತಿರುಗುವಂತೆಯೂ ಇಲ್ಲ. ಎಡಬದಿಯಲ್ಲೇ ಕೂಡುರಸ್ತೆ ದಾಟಿ, ಆಚೆ ಮೂಲೆಯಲ್ಲಿ ಗಾಡಿಯ ಮುಖ ಬಲಕ್ಕೆ ಮಾಡಿ ನಿಲ್ಲಿಸಿ, ಮುಂದಿನ ಹಸಿರು ದೀಪಕ್ಕೆ ಕಾಯಬೇಕು. ಸಿಗ್ನಲ್ ಸಿಗ್ನಲ್ಲಿಗೂ ಇದೇ ಪಾಡು! ಗುಲಾಬಿ ನಂಬರ್ ಪ್ಲೇಟಿನ 125ಕ್ಕೆ ಈ ಎರಡು ಕಟ್ಟುಗಳೂ ಇಲ್ಲ. ಗಂಟೆಗೆ 60ರವರೆಗೆ ಎಲ್ಲರ ಜೊತೆ ಹೋಗಿ, ಎಲ್ಲರಂತೆ ತಿರುಗಬಹುದು. ಗೆಳೆಯರ ಪ್ಲೇಟ್ ಕೊಟ್ಟದ್ದು ಅವರ ವಾರ್ಡ್ ಕಚೇರಿ, ವರ್ಷದ ತೆರಿಗೆ 2,400 ಯೆನ್. ದೊಡ್ಡ ಗಾಡಿಗಳಿಗೆ ಕಡ್ಡಾಯವಾದ ದುಬಾರಿ ತಪಾಸಣೆ ಇದಕ್ಕಿಲ್ಲ. ಆದರೆ ಬೈಕಿನ ಬೆಲೆಯೇ 2018ರಲ್ಲಿ ಸುಮಾರು 4 ಲಕ್ಷ ಯೆನ್ ಇತ್ತು. ಪುಟ್ಟ ಗಾಡಿಗೆ ಇಷ್ಟು ಕೇಳಿದ್ದು ಹೆಚ್ಚೆಂದೇ ನನ್ನ ಅನಿಸಿಕೆ.

ಇನ್ನೊಂದು ಕೊರತೆ ಅದಕ್ಕಿಂತ ದೊಡ್ಡದು. ಜಪಾನಿನ ಮಂಕಿಯಲ್ಲಿ ಒಬ್ಬರೇ ಕೂರಬೇಕು, ಹಿಂದಿನ ಸವಾರರಿಗೆ ಅನುಮತಿಯಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ಅಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ಯುವ ನಮ್ಮ ಬೆಂಗಳೂರಿಗೆ ಇದು ಒಗ್ಗುವುದಿಲ್ಲ. 2016ರಲ್ಲಿ ಹೋಂಡಾ ಇಲ್ಲಿಗೆ ತಂದ ನವಿ, ಆಕ್ಟಿವಾದ 109 ಸಿಸಿ ಎಂಜಿನ್ ಇಟ್ಟ ಪುಟ್ಟ ಬೈಕು. ಇಬ್ಬರು ಕೂರಬಹುದಿತ್ತು, ಟೈರು ಮಾತ್ರ ಸ್ಕೂಟರಿನಷ್ಟೇ ಸಣಕಲು. ಇಲ್ಲಿ ಮಾರಾಟ ನಿಂತ ಆ ಗಾಡಿ ಆಮೇಲೆ ಅಮೆರಿಕದ ಮಾರುಕಟ್ಟೆಯನ್ನೂ ಸೇರಿತು.

ದಪ್ಪ ಟೈರು, ಇಬ್ಬರ ಸೀಟು ಎರಡೂ ಇರುವ ಗಾಡಿಯನ್ನು ಹೋಂಡಾ 2022ರಲ್ಲೇ ಬಿಟ್ಟಿದೆ. ಅದೇ ವಂಶದ ಮಲಗಿದ ಎಂಜಿನ್, 12 ಇಂಚಿನ ಚಕ್ರ, ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಕರ್ಯ. ಹೆಸರು ಡ್ಯಾಕ್ಸ್ 125. ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯಿಟ್ಟಿರುವ ಕಂಪನಿ ಮನಸ್ಸು ಮಾಡಬೇಕಾದದ್ದು ಈ ಗಾಡಿಗೆ.