ಆಕಾಶದ ಅಲೆಗಳು ಯಾರ ಸ್ವತ್ತು?



ಪ್ರಚಲಿತ ವಿದ್ಯಮಾನಗಳನ್ನು ಓದುವಾಗ ರಾಜಕೀಯಕ್ಕೊಂದು, ವಾಣಿಜ್ಯಕ್ಕೊಂದು, ಕ್ರೀಡೆಗೊಂದು, ಮನರಂಜನೆಗೊಂದು ಎಂದು ನಾವು ಪುಟಗಳನ್ನು ಬೇರೆ ಬೇರೆ ಮಾಡಿಕೊಳ್ಳುತ್ತೇವೆ. ಆದರೆ ಕೆಲವು ಸುದ್ದಿಗಳು ನಾಲ್ಕೂ ಪುಟಗಳಿಗೆ ಸೇರಿರುತ್ತವೆ. ಕ್ರಿಕೆಟ್ ಪಂದ್ಯದ ನೇರ ಪ್ರಸಾರ ಅಂಥದ್ದೊಂದು.

1993ರ ನವೆಂಬರ್ 27ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಹೀರೋ ಕಪ್ ಅಂತಿಮ ಪಂದ್ಯ ನಡೆಯಿತು. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಕೇವಲ 12 ರನ್ ನೀಡಿ ವೆಸ್ಟ್ ಇಂಡೀಸ್‌ನ 6 ವಿಕೆಟ್ ಉರುಳಿಸಿದರು, ಭಾರತ ಗೆದ್ದಿತು. ಇದು ಕ್ರೀಡಾ ಪುಟದ ಸುದ್ದಿ. ಆದರೆ ಅದೇ ಪಂದ್ಯಾವಳಿಯ ಬಗ್ಗೆ ನ್ಯಾಯಾಲಯದಲ್ಲಿ ಮತ್ತೊಂದು ಹೋರಾಟ ನಡೆದಿತ್ತು.

ಸಂಘಟಕರಾದ ಬಂಗಾಳ ಕ್ರಿಕೆಟ್ ಸಂಸ್ಥೆಯವರು ಪ್ರಸಾರದ ಹಕ್ಕನ್ನು ವಿದೇಶಿ ಸಂಸ್ಥೆಯೊಂದಕ್ಕೆ ಕೊಟ್ಟಿದ್ದರು. ಪಂದ್ಯ ತಮ್ಮದು, ಹಕ್ಕನ್ನು ಯಾರಿಗೆ ಕೊಡಬೇಕೆಂಬುದೂ ತಮಗೆ ಸೇರಿದ್ದು ಎಂಬುದು ಅವರ ವಾದ. 1885ರ ಟೆಲಿಗ್ರಾಫ್ ಕಾಯಿದೆಯಂತೆ ಪ್ರಸಾರದ ಅಧಿಕಾರ ತನ್ನದೇ ಎಂಬುದು ಸರ್ಕಾರದ ವಾದ.

ಇಲ್ಲಿ ಸ್ವಲ್ಪ ವಿಜ್ಞಾನ ನೆನಪಿಸಿಕೊಳ್ಳೋಣ. ಚಿತ್ರ ಮತ್ತು ಧ್ವನಿಯನ್ನು ಹೊತ್ತು ತರುವುದು ವಿದ್ಯುತ್ಕಾಂತೀಯ ಅಲೆಗಳು. ಒಂದೇ ಪ್ರದೇಶದಲ್ಲಿ ಇಬ್ಬರು ಒಂದೇ ಕಂಪನಾಂಕದಲ್ಲಿ ಪ್ರಸಾರ ಮಾಡಿದರೆ ಎರಡೂ ಕಲಸಿಹೋಗುತ್ತವೆ. ಬಳಸಬಹುದಾದ ಕಂಪನಾಂಕಗಳು ಮಿತವಾಗಿವೆ. ಊರ ಕೆರೆಯ ನೀರಿದ್ದಂತೆ. ಎಲ್ಲರಿಗೂ ಬೇಕು, ಆದರೆ ಯಾರೊಬ್ಬರೂ ಮನಬಂದಂತೆ ತೂಬು ತೆಗೆಯುವಂತಿಲ್ಲ.

ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿ 9ರಂದು ತೀರ್ಪು ನೀಡಿತು. ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು. ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು, ಖಾಸಗಿಯವರ ಏಕಸ್ವಾಮ್ಯವೂ ಸಲ್ಲದು. ಅವುಗಳ ಬಳಕೆಯನ್ನು ಸ್ವಾಯತ್ತ ಸಂಸ್ಥೆಯೊಂದು ನಿಯಂತ್ರಿಸಬೇಕು ಎಂಬುದು ಅದರ ಸಾರ. ಸಂವಿಧಾನದ 19ನೆಯ ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯುವ ವೀಕ್ಷಕನ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಹೇಳಿತು. 1990ರಲ್ಲೇ ಸಂಸತ್ತು ಅಂಗೀಕರಿಸಿದ್ದ ಪ್ರಸಾರ ಭಾರತಿ ಕಾಯಿದೆ 1997ರಲ್ಲಿ ಜಾರಿಗೆ ಬಂತು. ಇದು ರಾಜಕೀಯ ಪುಟದ ಸುದ್ದಿ.

ಇನ್ನು ವಾಣಿಜ್ಯ. ನೇರ ಪ್ರಸಾರದ ಪಂದ್ಯಕ್ಕೆ ಒಂದು ವಿಶೇಷ ಗುಣವಿದೆ. ಫಲಿತಾಂಶ ತಿಳಿದ ಮೇಲೆ ಅದರ ಬೆಲೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಆದ್ದರಿಂದ ಕೋಟ್ಯಂತರ ಜನ ಒಂದೇ ಹೊತ್ತಿಗೆ ಪರದೆಯ ಮುಂದೆ ಕೂರುತ್ತಾರೆ. ಜಾಹೀರಾತುದಾರರಿಗೆ ಬೇಕಾದದ್ದೂ ಅದೇ. 2022ರ ಹರಾಜಿನಲ್ಲಿ ಐಪಿಎಲ್‌ನ 5 ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗಳಿಗೆ ಹೋಯಿತು. ಆಗ ಲೆಕ್ಕ ಹಾಕಿದ್ದ 410 ಪಂದ್ಯಗಳಿಂದ ಭಾಗಿಸಿ ನೋಡಿ: ಪಂದ್ಯವೊಂದಕ್ಕೆ ಸುಮಾರು 118 ಕೋಟಿ!

ಹಾಗಾದರೆ, ತಿಂಗಳ ಚಂದಾ ಕಟ್ಟಲಾಗದ ಮನೆಯವರ ಗತಿಯೇನು? ಇದಕ್ಕಾಗಿ 2007ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಘೋಷಿಸಿದ ಕ್ರೀಡೆಗಳ ನೇರ ಪ್ರಸಾರವನ್ನು ಖಾಸಗಿ ವಾಹಿನಿಗಳು ತಮ್ಮ ಜಾಹೀರಾತುಗಳನ್ನು ತೆಗೆದು ಪ್ರಸಾರ ಭಾರತಿಗೆ ಹಂಚಿಕೊಳ್ಳಬೇಕು. ದೂರದರ್ಶನದಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಕನಿಷ್ಠ ಶೇ. 75, ಪ್ರಸಾರ ಭಾರತಿಗೆ ಉಳಿದದ್ದು.

ಆದರೆ ಹಣ ಸುರಿದು ಹಕ್ಕು ಪಡೆದವರ ನಷ್ಟವೂ ಗಮನಿಸಬೇಕಾದದ್ದೇ. ಕೇಬಲ್‌ನಲ್ಲೂ ದೂರದರ್ಶನದ ಮೂಲಕ ಅದೇ ಪಂದ್ಯ ಬಂದರೆ ಅವರ ವಾಹಿನಿಗೆ ಚಂದಾ ಕಟ್ಟುವವರಾರು? 2017ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಭೂಪ್ರಸಾರ ಮತ್ತು ಡಿಟಿಎಚ್ ಜಾಲಕ್ಕಷ್ಟೇ ಮೀಸಲು ಎಂದಿತು. ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್ ಇರುವ ಮನೆಗೆ ಪಂದ್ಯ ಸಿಗುತ್ತದೆ. ಕೇಬಲ್ ಇರುವವರು ಹಕ್ಕು ಪಡೆದ ವಾಹಿನಿಗೆ ಹಣ ತೆರಬೇಕು.

ಈಗ ಪಂದ್ಯಗಳು ಮೊಬೈಲ್‌ಗೂ ಬರುತ್ತಿವೆ. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತೀಯ ಮಾಧ್ಯಮ ವ್ಯವಹಾರಗಳನ್ನು ಒಂದುಗೂಡಿಸಿದವು. ಏಕಸ್ವಾಮ್ಯದ ಬಗ್ಗೆ 1995ರಲ್ಲಿ ಎದ್ದ ಪ್ರಶ್ನೆ ಹೊಸ ರೂಪದಲ್ಲಿ ಮತ್ತೆ ನಿಮ್ಮ ಮುಂದಿದೆ.

ಇನ್ನು ಮುಂದೆ ಪ್ರಸಾರ ಹಕ್ಕಿನ ಸುದ್ದಿ ಕಂಡಾಗ ಮೂರು ಪ್ರಶ್ನೆ ಹಾಕಿಕೊಳ್ಳಿ: ಮಾರಿದವರು ಯಾರು? ಹಣ ಎಲ್ಲಿಂದ ಬರುತ್ತದೆ? ನೋಡಲಾಗದೆ ಉಳಿಯುವವರು ಯಾರು? ಉತ್ತರ ಹುಡುಕುತ್ತ ಹೋದಂತೆ ಪತ್ರಿಕೆಯ ನಾಲ್ಕೂ ಪುಟಗಳನ್ನು ನೀವೇ ತಿರುವಿ ಹಾಕಿರುತ್ತೀರಿ.