ಹಾಡಿನ ಜಗಲಿ, ನಾದದ ನಡುಮನೆ

ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂದ ಕಾಲವನ್ನು ಕಂಡವರಿಗೆ ವಿಂಡೋಸ್ 95 ತೆರೆದುಕೊಳ್ಳುವಾಗ ತೇಲಿಬರುತ್ತಿದ್ದ ನಾದ ನೆನಪಿದ್ದೀತು. ಕೆಲವೇ ಸೆಕೆಂಡುಗಳ ಆ ನಾದವನ್ನು ಕಟ್ಟಿದವರು ಇಂಗ್ಲೆಂಡಿನ ಬ್ರಯಾನ್ ಈನೋ. ಅದಕ್ಕೂ 20 ವರ್ಷ ಹಿಂದೆ, 1975ರಲ್ಲಿ, ಅವರದೊಂದು ಆಲ್ಬಂ ಬಂದಿತ್ತು: 'ಅನದರ್ ಗ್ರೀನ್ ವರ್ಲ್ಡ್'.

ಈನೋ 'ರಾಕ್ಸಿ ಮ್ಯೂಸಿಕ್' ಎಂಬ ರಾಕ್ ತಂಡದಲ್ಲಿ ಸಿಂಥಸೈಜರ್ ನುಡಿಸುತ್ತಿದ್ದವರು. 1973ರಲ್ಲಿ ಹೊರಬಂದರು. ತಾನು ಸಂಗೀತಗಾರನೇ ಅಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ ಆಸಾಮಿ. 1975ರ ಆರಂಭದಲ್ಲಿ ಟ್ಯಾಕ್ಸಿಯೊಂದು ಡಿಕ್ಕಿ ಹೊಡೆದು ಹಾಸಿಗೆ ಹಿಡಿದರು. ನೋಡಲು ಬಂದ ಗೆಳತಿ ಹಾರ್ಪ್ ವಾದನದ ರೆಕಾರ್ಡ್ ಕೊಟ್ಟು ಹೋದಳು. ಅದನ್ನು ಹಾಕಿ ಮಲಗಿದರೆ ದನಿ ತೀರಾ ಸಣ್ಣಗಿತ್ತು. ಎದ್ದು ಹೆಚ್ಚಿಸಲು ಮೈಯಲ್ಲಿ ತ್ರಾಣವಿಲ್ಲ. ಹೊರಗೆ ಮಳೆ. ಮಳೆಯ ಸದ್ದು, ತಂತಿಯ ಸದ್ದು ಒಂದರೊಳಗೊಂದು ಸೇರಿ ಕೇಳತೊಡಗಿದಾಗ, ಕೋಣೆಯ ಬೆಳಕಿನಂತೆ ಸಂಗೀತವೂ ಸುಮ್ಮನೆ ಸುತ್ತ ಇರಬಹುದೆಂದು ಹೊಳೆಯಿತು ಎಂದು ಅವರೇ ಹೇಳಿದ್ದಾರೆ.

ಅದೇ ವರ್ಷ ಬೇಸಿಗೆಯಲ್ಲಿ ಈ ಆಲ್ಬಂಗಾಗಿ ಲಂಡನ್ನಿನ ಐಲ್ಯಾಂಡ್ ಸ್ಟುಡಿಯೋಗೆ ಹೋದಾಗ ಕೈಯಲ್ಲಿ ಒಂದೂ ಸಿದ್ಧ ಹಾಡಿರಲಿಲ್ಲ. ಮೊದಮೊದಲು ಏನೂ ಹುಟ್ಟಲಿಲ್ಲ. ಆಗ ನೆರವಾದದ್ದು ಚಿತ್ರಕಾರ ಪೀಟರ್ ಶ್ಮಿಟ್ ಜೊತೆ ಮಾಡಿದ್ದ 'ಆಬ್ಲಿಕ್ ಸ್ಟ್ರಾಟಜೀಸ್' ಕಾರ್ಡುಗಳು. ಕೆಲಸ ನಿಂತಲ್ಲಿ ಒಂದು ಎಲೆ ಎತ್ತುವುದು, ಅದು ಹೇಳಿದಂತೆ ಮಾಡುವುದು. ತಪ್ಪಿದ್ದನ್ನೂ ಬೇಕೆಂದೇ ಮಾಡಿದ್ದೆಂದು ಭಾವಿಸು ಎಂಬುದು ಅವುಗಳ ಒಂದು ಸಲಹೆಯ ಸಾರ.

'ಸೇಂಟ್ ಎಲ್ಮೋಸ್ ಫೈರ್' ಹಾಡಿಗೆ ಗಿಟಾರ್ ಹಿಡಿದವರು ರಾಬರ್ಟ್ ಫ್ರಿಪ್. ಫ್ರಿಪ್‌ಗೆ ಈನೋ ಸ್ವರ ಬರೆದುಕೊಡಲಿಲ್ಲ. ಭೌತವಿಜ್ಞಾನ ಪ್ರಯೋಗಾಲಯದ ವಿಮ್ಸ್‌ಹರ್ಸ್ಟ್ ಯಂತ್ರವನ್ನು ನೆನೆಸಿಕೊಳ್ಳಿ ಎಂದರು. ಹಿಡಿಕೆ ತಿರುಗಿಸಿದರೆ ಎರಡು ಲೋಹದ ಗುಂಡುಗಳ ನಡುವೆ ಚಟ್ಟನೆ ಕಿಡಿ ಹಾರುತ್ತದಲ್ಲ, ಅದೇ. ಫ್ರಿಪ್ ಬೆರಳು ಹಾಗೆಯೇ ಹಾರಿತು. ರಾಗ ಸಲೀಸು, ಗುನುಗಬಹುದು. ನಡುವೆ ಮಾತ್ರ ಕಿಡಿಯ ಮಳೆ.

ಈ ಆಲ್ಬಂನ ಜಾಣ್ಮೆ ಇರುವುದೇ ಇಲ್ಲಿ. 14 ರಚನೆಗಳಲ್ಲಿ ಮಾತುಳ್ಳವು ಐದೇ. ಆ ಐದೂ ಮನೆಯ ಜಗಲಿಯಿದ್ದಂತೆ. ಅಪರಿಚಿತರನ್ನು ಕೂರಿಸಿ ಉಪಚರಿಸುತ್ತವೆ. ಉಳಿದ ಒಂಬತ್ತು, ಮಾತಿಲ್ಲದ ನಡುಮನೆ. 'ಐ'ಲ್ ಕಮ್ ರನ್ನಿಂಗ್' ಎಂಬ ಸರಳ ಪ್ರೇಮಗೀತೆ ಮುಗಿದೊಡನೆ ಎರಡು ನಿಮಿಷವೂ ಇಲ್ಲದ ಶೀರ್ಷಿಕೆ ರಚನೆ ಮೆಲ್ಲಗೆ ಏಳುತ್ತದೆ. ಹೊಸಿಲು ದಾಟಿದ್ದೇ ನಮಗೆ ತಿಳಿಯುವುದಿಲ್ಲ. ಪ್ರಯೋಗವೆಂದರೆ ಕೇಳುಗನನ್ನು ಬೆದರಿಸಲೇಬೇಕು ಎಂದುಕೊಂಡವರಿಗೆ ಇದು ತಣ್ಣನೆಯ ಉತ್ತರ.

ಬಿಡುಗಡೆಯಾದಾಗ ಆಲ್ಬಂ ಜನಪ್ರಿಯತೆಯ ಪಟ್ಟಿ ಹತ್ತಲಿಲ್ಲ. ಆದರೆ ಆ ಪುಟ್ಟ ಶೀರ್ಷಿಕೆ ರಚನೆಯನ್ನು ಬಿಬಿಸಿ ತನ್ನ 'ಅರೀನಾ' ಸಾಕ್ಷ್ಯಚಿತ್ರ ಮಾಲಿಕೆಗೆ ಎತ್ತಿಕೊಂಡು ದಶಕಗಟ್ಟಲೆ ನುಡಿಸಿತು.

ಇಡೀ ಆಲ್ಬಂ ಸುಮಾರು 41 ನಿಮಿಷ. ಹಾಡು ಆರಿಸಿಕೊಳ್ಳಬೇಡಿ, ಇದ್ದ ಕ್ರಮದಲ್ಲೇ ಕೇಳಿ. ಹೊರಗೆ ಮಳೆ ಹಿಡಿದಿದ್ದರೆ ದನಿ ಹೆಚ್ಚಿಸಲು ಹೋಗಬೇಡಿ.